ಹಲ್ಲಲ್ಲಿ ಕಚ್ಚಿ ಬೀಸಿದ ನೊಣ

ನೊಣ ಹನ್ನೊಂದನೇ ಸಲವೂ ನೀರಿಗೆ ಹೋಗಲಿಲ್ಲ. ಹಿಂದೆ ಕೂತಿದ್ದ ವೆಂಕಟನ ಮುಂಡಾಸನ್ನೇ ಕಚ್ಚಿಕೊಂಡಿತು.

"ಬಾವ, ನನ್ನ ತಲೆ ಹೊಳೆ ಅಲ್ಲ," ಅಂದ ವೆಂಕಟ, ಗರಿ ಕಟ್ಟಿದ ಗಾಳವನ್ನು ಬಿಡಿಸುತ್ತ.

"ಮತ್ತೆ ಅಲ್ಲೇ ಎಂತಕ್ಕೆ ಕೂತ್ಕಂತೆ?" ಅಂದ ಜಟ್ಟಿ.

ಕೂತದ್ದಕ್ಕೆ ಕಾರಣ ಇತ್ತು. ವೆಂಕಟ ಜಟ್ಟಿಯ ತಂಗಿಯ ಗಂಡ, ಅವನ ಕಣ್ಣು ಜಟ್ಟಿಯ ಬೀಸುಬಲೆಯ ಮೇಲೆ. ಹೊಳೆಯ ನಡುಗಡ್ಡೆಯಾದ ಮಾವಿನಕುರ್ವೆಯಲ್ಲಿ ಜಟ್ಟಿಯಷ್ಟು ಅಗಲಕ್ಕೆ ಬಲೆ ಬಿಡಿಸುವವರೇ ಇರಲಿಲ್ಲ. ಅವನು ಬೀಸಿದರೆ ಶರಾವತಿಗೆ ಅರೆಗಳಿಗೆ ಮೋಡ ಮುಸುಕಿದ ಹಾಗಾಗ್ತಿತ್ತು ಅಂತ ಕಂಡವರು ಹೇಳುತ್ತಾರೆ. ಮಳೆಗಾಲಕ್ಕೆ ಮುಂಚೆ ಅವನು ತೆಂಗಿನಮರದಿಂದ ಬಿದ್ದ. ಮರಕ್ಕೆ ಏನೂ ಆಗಲಿಲ್ಲ. ಜಟ್ಟಿಯ ಬಲಗೈ ಮಾತ್ರ ಒಣಗಲು ಹಾಕಿದ ಅಂಗಿತೋಳಿನ ಹಾಗೆ ತೂಗಾಡತೊಡಗಿತು.

ಕುರ್ವೆಯವರು ವರ್ಷಕ್ಕೊಮ್ಮೆ ಹತ್ತಿಬಲೆಗಳನ್ನು ತೊಗಟೆ ಕುದಿಸಿದ ಕಷಾಯದಲ್ಲಿ ಅದ್ದುತ್ತಾರೆ, ನೂಲು ಕೊಳೆಯಬಾರದು ಅಂತ. ಹಂಡೆಗೆ ಬಲೆ ಇಳಿಸುವವನು ಅವತ್ತು ತಾನೇ ಬೀಸಿ ಮೀನು ಹಿಡಿದಿರಬೇಕು, ಕೈ ಆ ವಾಸನೆ ಹೊಡೆಯಬೇಕು. ಇಲ್ಲದಿದ್ದರೆ ಬೇರೆಯವನು ಇಳಿಸುತ್ತಾನೆ. ಇಳಿಸಿದವನದೇ ಬಲೆ. ಎರೆಹುಳ ಚುಚ್ಚಿ ಕಾದು ಕೂತು ಹಿಡಿದದ್ದು ನಡೆಯುವುದಿಲ್ಲ, ಅದು ಮಕ್ಕಳಾಟ. ಕೈ ಮೂಸುವವಳು ಹೊನ್ನಮ್ಮ. ಜಟ್ಟಿಯ ತಾಯಿಯೇ ಹೌದು, ಆದರೆ ಅವಳ ಮೂಗಿಗೆ ಮಗ, ಅಳಿಯ ಅಂತ ಭೇದ ಇರಲಿಲ್ಲ. ಸಂತೆಯ ಮೀನು ಯಾವುದು, ಹೊಳೆಯ ಮೀನು ಯಾವುದು ಅಂತ ಅಂಗಳದಿಂದಲೇ ಹೇಳುತ್ತಿದ್ದಳು.

ಹಂಡೆಯ ಒಲೆ ಹೊತ್ತಿಸುವುದು ಮರುದಿನ.

ಒಂದು ಕೈಯಲ್ಲಿ ಬಲೆ ಬೀಸಲಾಗದ ಜಟ್ಟಿ ಬೀಸುತ್ತಿದ್ದ ಗಾಳದ ಕೋಲು ಹೊನ್ನಾವರದ ಬಂಗಲೆಯ ಅಡಿಗೆಯ ದಾಸನದು. ಸಾಹೇಬರೆಲ್ಲ ಗಂಟುಮೂಟೆ ಕಟ್ಟಿದ ವರ್ಷ ಅದು. ಹೋಗುವ ಸಾಹೇಬನೊಬ್ಬ ಕೊಟ್ಟ ಕೋಲಿನ ಮೇಲೆ ದಾಸ ಪಂಚೆ ಒಣಗಿಸುತ್ತಿದ್ದ. ಜೊತೆಗೊಂದು ಡಬ್ಬಿ. ಅದರಲ್ಲಿ ಕೋಳಿಗರಿಯ ಒಂದೇ ಒಂದು ನೊಣ.

"ಇದು ನೀರ ಮೇಲೆ ಮೆತ್ತಗೆ ಕೂತು ತೇಲ್ಬೇಕು. ಮೀನು ಖರೇ ನೊಣ ಅಂದ್ಕಂಡು ಹಾರ್ತದೆ," ಅಂದಿದ್ದ ದಾಸ.

"ಸಾಹೇಬ ಎಷ್ಟು ಹಿಡ್ದ?"

"ನಾಲ್ಕು ವರ್ಷ ವಿಲಾಯತಿ ಡಬ್ಬಿ ಮೀನೇ ತಿಂದ."

ಸಾಹೇಬನ ಕ್ರಮದಲ್ಲಿ ದಾರವನ್ನು ತಲೆಯ ಮೇಲೆ ಹಿಂದೆ ಮುಂದೆ ಚಾಟಿಯ ಹಾಗೆ ಬೀಸಬೇಕು, ಇನ್ನೊಂದು ಕೈಯಲ್ಲಿ ದಾರ ಬಿಡಬೇಕು. ಜಟ್ಟಿಗೆ ಇನ್ನೊಂದು ಕೈ ಇರಲಿಲ್ಲ. ಹಿಂದೆ ಕೇದಿಗೆಯ ಮುಳ್ಳುಹಿಂಡು, ಅದರ ಮುಂದೆ ವೆಂಕಟ.

"ಸಾಹೇಬಂದು ಸಾಹೇಬಂಗೇ ಇರ್ಲಿ. ನಾನು ನನ್ನ ಬೀಸೇ ಬೀಸ್ತೆ," ಅಂದ ಜಟ್ಟಿ.

ಬೀಸುಬಲೆಯವರು ಬಲೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಸೊಂಟ ತಿರುಗಿಸಿ ಬೀಸುತ್ತಾರೆ. ಜಟ್ಟಿ ಹೊಳೆಗೆ ಬೆನ್ನು ಹಾಕಿ ನಿಂತ. ಎಡಗೈಯಲ್ಲಿ ಕೋಲು, ಹಲ್ಲಲ್ಲಿ ದಾರ. ಗಿರ್ರನೆ ತಿರುಗಿದ. ದಾರ ಮುಳ್ಳಿನ ಕಡೆ ಹೋಗದೆ ನೀರಿನ ಮೇಲೇ ಬಳಸಿ ಚೆಂದಕ್ಕೆ ಹೊರಟಿತು. ಬಲೆಯಾದರೆ ಕೈ ಬಿಟ್ಟ ಕೂಡಲೇ ಬಾಯಿಯೂ ಬಿಡುತ್ತದೆ. ಇಲ್ಲಿ ಕೈ ಕೋಲು ಬಿಡಲಿಲ್ಲ, ಬಾಯಿ ದಾರ ಬಿಡಲಿಲ್ಲ. ಟಪ್ ಅಂತ ಸದ್ದಾಯಿತು. ನೊಣದ ಜೊತೆ ಮುಂದಿನ ಹಲ್ಲೊಂದು ಹೊಳೆಗೆ ಹೋಯಿತು. ಹಲ್ಲಿನ ಭಾರಕ್ಕೆ ನೊಣವೂ ಮುಳುಗಿತು.

"ಇದು ತೇಲೂದಲ್ಲ, ಬಾವ," ಅಂದ ವೆಂಕಟ.

ದಾರ ಎಳೆದಾಗ ನೊಣ ಬಂತು, ಹಲ್ಲು ಬರಲಿಲ್ಲ. ಮನೆಯಲ್ಲಿ ಹೆಂಡತಿ ಮಾದೇವಿ ಅವನ ಬಾಯಿಗೆ ಉಪ್ಪುನೀರು ಕೊಟ್ಟು, ನೊಣವನ್ನು ಒಲೆಯ ಮೇಲೆ ಒಣಗಿಸಿ ಕೊಬ್ಬರಿಎಣ್ಣೆ ಸವರಿದಳು.

"ಇನ್ನೆಷ್ಟು ಹಲ್ಲದೆ?"

"ನಾಳೆಗೆ ಸಾಕು."

ಬೆಳಗಾದಾಗ ಭರತದ ನೀರು ಏರಿ ನಿಂತು ಹೊಳೆ ಕನ್ನಡಿಯಾಗಿತ್ತು. ಮಾದೇವಿಯೂ ಹಿಂದೆಯೇ ಬಂದು ಕಲ್ಲಿನ ಮೇಲೆ ಕೂತಳು.

"ಬಾಯಿ ಬಿಡೂಕೆ ನಿಮ್ಗೆ ಯಾರಾದ್ರೂ ನೆಪ್ಪು ಮಾಡ್ಬೇಕು. ನೀವು ತಿರುಗಿ, ನಾ ಕರೀತೆ. ಓಗೊಡಿ."

"ನೀ ಕರೆದ್ರೆ ನಾ ಯಾವತ್ತು ಓಗೊಟ್ಟಿದ್ದೆ?"

"ಅದನ್ನೇ ಇವತ್ತು ಕಲೀರಿ."

ಅವನು ದಾರ ಕಚ್ಚಿ ತಿರುಗಿದ. ಮಾದೇವಿ ಹದಿನೆಂಟು ವರ್ಷ ಅವನ ಬೀಸು ನೋಡಿದವಳು, ಆ ಬಲೆಯ ಒಂದೊಂದು ಕಣ್ಣನ್ನೂ ಹೆಣೆದವಳು. ಸೊಂಟ ಮುಕ್ಕಾಲು ಸುತ್ತು ಬಂದಾಗ ಕರೆದಳು: "ಕೇಳ್ತಾ?"

"ಓಯ್!"

ಬಾಯಿ ತೆರೆಯಿತು. ದಾರ ಬಲೆಯ ಹಾಗೆ ದುಂಡಗೆ ಬಿಚ್ಚಿ ನೀರಿಗೆ ಇಳಿಯಿತು. ಎಲ್ಲಕ್ಕಿಂತ ಕಡೆಗೆ, ಏನೋ ಮರೆತವರ ಹಾಗೆ, ನೊಣ ಬಂದು ಕೂತಿತು. ಕೂತೇ ಇತ್ತು. ಮೂವತ್ತೊಂಬತ್ತನೇ "ಓಯ್"ಗೆ ನೀರು ಒಡೆದು ಕುರಡೆ ಮೀನೊಂದು ಬಾಯಗಲಿಸಿ ಹಾರಿತು. ಜಟ್ಟಿ ಕೋಲನ್ನು ಕಂಕುಳಲ್ಲಿ ಅದುಮಿ, ದಾರ ಕಚ್ಚಿ, ಹಿಂದೆ ಹಿಂದೆ ನಡೆದ. ಕೇದಿಗೆಹಿಂಡು ಅಡ್ಡ ಬಂತು. ಅದನ್ನೂ ಬೆನ್ನಿನಿಂದಲೇ ದಾಟಿದ. ಅವನು ಆಚೆ ಬದಿಗೆ ಬಂದಾಗ ಮೀನು ಈಚೆ ದಂಡೆಗೆ ಬಂದಿತ್ತು. ಮೊಳಕ್ಕಿಂತ ಉದ್ದ ಇತ್ತು. ಹೊನ್ನಾವರ ಪೇಟೆಯವರ ಬಾಯಲ್ಲಿ ಅದು ಆಮೇಲೆ ಇನ್ನೂ ಬೆಳೆಯಿತು.

ಹಂಡೆ ಕುದಿಯುತ್ತಿತ್ತು. ವೆಂಕಟ ಬಲೆಯನ್ನು ಆಗಲೇ ಹೆಗಲಿಗೆ ಹಾಕಿಕೊಂಡಿದ್ದ. ಹೊನ್ನಮ್ಮ ಜಟ್ಟಿಯ ಎಡಗೈಯನ್ನು ಎರಡು ಸಲ ಮೂಸಿದಳು.

"ಹೊಳೇದು. ಕುರಡೆ."

"ಅತ್ತೆ, ಅದು ಬೀಸಿದ್ದಲ್ಲ. ಬಾಯಲ್ಲಿ ಎಂತದೋ ಮಾಡಿದ್ದು," ಅಂದ ವೆಂಕಟ.

"ನೀ ಬಲೆ ಎಂತದ್ರಲ್ಲಿ ಕಚ್ತೆ ಮಾರಾಯ, ಕಿವಿಯಲ್ಲಾ? ತೆಗಿ ಹೆಗಲಿಂದ."

ವೆಂಕಟ ತೆಗೆದ. ಒಂದು ಕೈಗೆ ಬಲೆ ಭಾರ. ಹಂಡೆಗೆ ಇಳಿಸುವಾಗ ಬೇರೆ ಯಾರೂ ಕೈ ಹಾಕುವಂತಿಲ್ಲ. ಜಟ್ಟಿ ಅಂಚನ್ನು ಹಲ್ಲಲ್ಲಿ ಕಚ್ಚಿ, ಎಡಗೈಯಿಂದ ಮಡಿಕೆ ಮಡಿಕೆಯಾಗಿ ಇಳಿಸಿದ. ಹಬೆಗೆ ಕಣ್ಣು ಮುಚ್ಚಿಹೋಯಿತು. ಬಲೆ ಎಲ್ಲ ಒಳಗಾಗಿ ಬಾಯಲ್ಲಿದ್ದ ಅಂಚೊಂದೇ ಉಳಿಯಿತು. ಅವನು ಬಿಡಲಿಲ್ಲ.

ಹೆಂಗಸರ ನಡುವಿನಿಂದ ಮಾದೇವಿ ಮೆಲ್ಲಗೆ, "ಕೇಳ್ತಾ?" ಅಂದಳು.

"ಓಯ್," ಅಂದ ಜಟ್ಟಿ.

ಅಂಚು ಜಾರಿ ಮುಳುಗಿತು. ಅವನು ಕಿವಿಯ ಸಂದಿಯಲ್ಲಿ ಸಿಕ್ಕಿಸಿಕೊಂಡಿದ್ದ ನೊಣವೂ ಬಿತ್ತು. ಕೆಂಪು ಕಷಾಯದ ಮೇಲೆ ಅದು ಕುದಿಗೆ ಸುತ್ತುತ್ತಾ ತೇಲುತ್ತಲೇ ಇತ್ತು.