ಭಾನುವಾರಕ್ಕೆ ಎತ್ತಿಟ್ಟ ಮಾತು

ನನ್ನ ತಂಗಿಯನ್ನು ನೀವೆಲ್ಲ ನೋಡಿರುತ್ತೀರಿ. ಧಾರಾವಾಹಿಯಲ್ಲಿ ಎಂಟು ವರ್ಷ ಅತ್ತವಳು. ಈಗ ಪ್ರತಿ ಭಾನುವಾರ ನಿಮ್ಮ ಫೋನಿನಲ್ಲಿ ಕಾಯಿಲೆಯ ಅಪ್ಪನಿಗೆ ಊಟ ಮಾಡಿಸುವವಳು. ಆ ವಿಡಿಯೊದ ಮೂಲೆಯಲ್ಲಿ ಒಮ್ಮೊಮ್ಮೆ ತಟ್ಟೆ ನೀಡುವ ಒಂದು ಕೈ ಕಾಣಿಸುತ್ತದಲ್ಲ, ಅದು ನನ್ನದು. ಉಳಿದ ಆರು ದಿನ ಊಟ ಮಾಡಿಸುವುದೂ ಅದೇ ಕೈ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಹೊಟ್ಟೆಕಿಚ್ಚೇ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಮೂವತ್ತೊಂದು ವರ್ಷ "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಕೂಗಿದ ಗಂಟಲು. ಮನೆಯಲ್ಲಿ ಉಪ್ಪು ಕೇಳಿದರೂ ಕೊನೆಯ ಸೀಟಿಗೆ ಮುಟ್ಟಬೇಕು. "ಮೆಲ್ಲಗೆ ಕೇಳಪ್ಪ, ಪಕ್ಕದ ಮನೆಯವರು ಉಪ್ಪು ತಂದ್ಕೊಟ್ಟಾರು" ಎಂದು ರೇಗಿಸುತ್ತಿದ್ದೆ. ಅಂಥ ಅಪ್ಪ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಬಿದ್ದ. ಬಲಗೈ, ಬಲಗಾಲು ಹೋದವು, ಜೊತೆಗೆ ಮಾತೂ ಹೋಯಿತು.

ನಾನು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು, ಮನೆಯಲ್ಲೇ ಇರುತ್ತೇನೆ, ಹಾಗಾಗಿ ಅಪ್ಪ ನನ್ನಲ್ಲಿ ಉಳಿದ. ತಂಗಿ ಭಾನುವಾರ ಕ್ಯಾಮೆರಾದವನ ಜೊತೆ ಬರುತ್ತಿದ್ದಳು. ಕ್ಯಾಮೆರಾದ ಸ್ಟ್ಯಾಂಡು ಮಾತ್ರ ವಾರವಿಡೀ ನಮ್ಮ ಮೂಲೆಯಲ್ಲೇ ನಿಂತಿರುತ್ತಿತ್ತು. ಮಾತು ಕಲಿಸುವ ಮೇಡಂ ವಾರಕ್ಕೆರಡು ಸಲ ಬಂದು ಹೋಗುತ್ತಿದ್ದರು. "ಮೊದಲನೇ ಮಾತು ಬರೋದೇ ಕಷ್ಟ. ಅದೊಂದು ಬಂದ್ರೆ ಉಳಿದವು ಹಿಂದೆ ಬರ್ತವೆ" ಎನ್ನುತ್ತಿದ್ದರು. ನಾನು ಅದೊಂದಕ್ಕೆ ಕಾದು ಕೂತಿದ್ದೆ.

ಮೂರನೇ ತಿಂಗಳು, ಒಂದು ಮಂಗಳವಾರ, ಅಪ್ಪ ನನ್ನ ಹೊಲಿಗೆ ಯಂತ್ರ ಹಿಡಿದು ಎದ್ದವನು ಕೈಬಿಟ್ಟು ನಾಲ್ಕು ಹೆಜ್ಜೆ ಇಟ್ಟ. ನಾನು ಖುಷಿಯಲ್ಲಿ ಕುಣಿಯುತ್ತ ತಂಗಿಗೆ ಫೋನು ಮಾಡಿದೆ.

"ಅಯ್ಯೋ ಅಕ್ಕ, ಯಾಕೆ ನಡೆಸಿದೆ? ಭಾನುವಾರದ ತನಕ ಕಾಯೋಕಾಗ್ಲಿಲ್ವಾ?"

"ನಾನೆಲ್ಲಿ ನಡೆಸಿದೆ ಮಾರಾಯ್ತಿ? ಅಪ್ಪನೇ ನಡೆದಿದ್ದು!"

ಭಾನುವಾರ 'ಅಪ್ಪನ ಮೊದಲ ಹೆಜ್ಜೆ'ಯನ್ನು ಏಳು ಸಲ ತೆಗೆದರು. ಅಷ್ಟರಲ್ಲಿ ಅಪ್ಪನ ಕಾಲು ಪಳಗಿಬಿಟ್ಟಿತ್ತು. ನೋಡಿದವರು ಸುಮ್ಮನಿರುತ್ತಾರೆಯೇ? "ಮೊದಲ ಹೆಜ್ಜೆಯಂತೆ, ಮುದುಕ ಓಡ್ತಿದಾನೆ" ಎಂದರು. "ಅಪ್ಪನಿಗೂ ನಾಟಕ ಕಲಿಸಿದಾಳೆ" ಎಂದರು. ತಂಗಿ ಬಂದು ನನ್ನ ಬಟ್ಟೆ ಚೂರುಗಳ ಮೇಲೆ ಬಿದ್ದು ಅತ್ತಳು. ಧಾರಾವಾಹಿಯ ಅಳುವಲ್ಲ, ಮೂಗು ಸುರಿಯುವ ಅಳು. "ಧಾರಾವಾಹಿ ಮುಗೀತು ಅಕ್ಕ. ಅಪ್ಪನ ವಿಡಿಯೊನೂ ಹೋದ್ರೆ ನನ್ನನ್ನ ಯಾರೂ ನೋಡಲ್ಲ. ಇನ್ಮೇಲೆ ಹೊಸದೇನಾದ್ರೂ ಆಗೋದಿದ್ರೆ ನಾನಿದ್ದಾಗಲೇ ಆಗ್ಲಿ. ಆಣೆ ಮಾಡು." ಎತ್ತಿ ಆಡಿಸಿದ ಕೂಸು. ಅವಳ ಮೂಗೊರೆಸಿ ಹೂಂ ಎಂದೆ.

ಎರಡು ವಾರ ಕಳೆದು ಶುಕ್ರವಾರ, ಮಧ್ಯಾಹ್ನ. ನಾನು ಕಾಲರ್ ಕೂರಿಸುತ್ತಿದ್ದೆ. ಕಿಟಕಿ ಹತ್ತಿರ ಕೂತಿದ್ದ ಅಪ್ಪನ ಗಂಟಲಿನಿಂದ ಸದ್ದು ಬಂತು. ತಿರುಗಿ ನೋಡಿದೆ. ತುಟಿ ಕೂಡಿದವು, ಬಿಟ್ಟವು, ಮತ್ತೆ ಕೂಡಿದವು. ಕಣ್ಣು ನನ್ನ ಮೇಲೇ ಇತ್ತು, ಹಳೆಯ ಅಪ್ಪನದೇ ತುಂಟ ಕಣ್ಣು. ಮಾತು ನಾಲಿಗೆ ತುದಿಗೆ ಬಂದಿತ್ತು. ಯಂತ್ರ ಬಿಟ್ಟು ಓಡಿದೆ. ಓಡಿ ಏನು ಮಾಡಿದೆ ಗೊತ್ತೇ?

"ಈಗ್ಲೇ ಬೇಡಪ್ಪ, ಎರಡೇ ದಿನ ತಡಿ. ಭಾನುವಾರ ಹೇಳುವಿಯಂತೆ, ಅವಳೂ ಇರ್ತಾಳೆ" ಎನ್ನುತ್ತ ಅವನ ಬಾಯಿ ಮುಚ್ಚಿದೆ. ನಗುನಗುತ್ತಲೇ ಮುಚ್ಚಿದೆ. ನನ್ನ ಅಂಗೈಯ ಕೆಳಗೆ ತುಟಿಗಳು ಇನ್ನೆರಡು ಸಲ ಅಲುಗಾಡಿ ನಿಂತವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಬಾಯಿಗೇ ಬಂದದ್ದನ್ನು ನಾನು ಒಳಕ್ಕೆ ದಬ್ಬಿದ್ದೆ.

ಅಪ್ಪನಿಗೆ ಮಾತು ಬರೋ ಹಾಗಿದೆ ಎಂದಷ್ಟೇ ತಂಗಿಗೆ ಫೋನು ಮಾಡಿ ಹೇಳಿದೆ. ಭಾನುವಾರ ಕ್ಯಾಮೆರಾದ ದೀಪ ಹೊತ್ತಿಸಿದರು. ಮೇಕಪ್ಪೇ ಇಲ್ಲವೆಂದು ಕಾಣಲು ತಂಗಿ ಒಂದು ಗಂಟೆ ಮೇಕಪ್ ಮಾಡಿಕೊಂಡಳು. ಅಪ್ಪನ ಮುಂದೆ ಮಂಡಿಯೂರಿ, "ಹೇಳಪ್ಪ" ಎಂದಳು. ಅಪ್ಪ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದ. ಆಮೇಲೆ ಎಡಗೈ ಎತ್ತಿ ತನ್ನ ಬಾಯಿ ತಾನೇ ಮುಚ್ಚಿಕೊಂಡ.

ಬಿಡಿಸಿದರು, ಮತ್ತೆ ಮುಚ್ಚಿಕೊಂಡ. ಒಂಬತ್ತು ಸಲ. ಒಂಬತ್ತನೆಯದಕ್ಕೆ ತಂಗಿ ಅಳುತ್ತಳುತ್ತಲೇ ನಕ್ಕು ಆ ಕೈಗೆ ಮುತ್ತಿಟ್ಟಳು. ಅದನ್ನೇ 'ಅಪ್ಪನ ನಾಚಿಕೆ' ಎಂದು ಹಾಕಿದರು.

ಅದರ ಹುಚ್ಚು ನಿಮಗೂ ಗೊತ್ತು. ಮದುಮಕ್ಕಳು ಬಾಯಿ ಮುಚ್ಚಿಕೊಂಡು ಫೋಟೊ ತೆಗೆಸಿಕೊಂಡರು. ತಂಗಿಗೆ ಹೊಸ ಕಾರ್ಯಕ್ರಮ ಸಿಕ್ಕಿತು. ಯೂನಿಫಾರ್ಮ್ ಕೊಡಲು ಶಾಲೆಗೆ ಹೋದರೆ ಪುಟ್ಟ ಹುಡುಗಿಯರು ಸಾಲಾಗಿ ನಿಂತು, "ಆಂಟಿ, ಅಪ್ಪನ ನಾಚಿಕೆ!" ಎಂದು ಬಾಯಿ ಮುಚ್ಚಿ ತೋರಿಸಿದರು. ಬಟ್ಟೆಯ ಗಂಟು ಅಲ್ಲೇ ಇಟ್ಟು ಮನೆಗೆ ಬಂದೆ.

"ಮಾತು ಬರೋ ಹೊತ್ತಲ್ಲಿ ಯಾರಾದ್ರೂ ಗದರಿದ್ರಾ?" ಎಂದು ಮೇಡಂ ಕೇಳಿದರು. ಇಲ್ಲ ಎಂದೆ. ಸುಳ್ಳಲ್ಲ, ಗದರಿರಲಿಲ್ಲ. ಅವರು ಇನ್ನೂ ನಾಲ್ಕು ತಿಂಗಳು ಹೆಣಗಿ, ಇನ್ನು ನಾನು ಬಂದು ಪ್ರಯೋಜನವಿಲ್ಲ ಎಂದು ಹೇಳಿ ಹೋದರು.

ತಡೆಯಲಾಗದೆ ತಂಗಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. "ಇದನ್ನ ಯಾರ ಹತ್ರಾನೂ ಬಾಯಿ ಬಿಡ್ಬೇಡ ಅಕ್ಕ" ಎಂದಳು. ಆಮೇಲೆ ಮೂಲೆಯ ಸ್ಟ್ಯಾಂಡಿನ ಕಡೆ ನೋಡಿ, "ಅಥವಾ ಮುಂದೆ ಯಾವಾಗ್ಲಾದ್ರೂ, ಕ್ಯಾಮೆರಾ ಮುಂದೆ ಹೇಳ್ತೀಯಾ?" ಎಂದಳು.

ಹಾಳಾದ ಸ್ಟ್ಯಾಂಡನ್ನು ಆವತ್ತೇ ಬೀದಿಗೆಸೆದೆ. ಬಾಗಿಲು ಹಾಕಿ ಅಪ್ಪನ ಎದುರು ಕೂತೆ. "ಮಾತಾಡಪ್ಪ, ಯಾರೂ ಇಲ್ಲ. ಉಪ್ಪು ಕೇಳು. ಬೈಯಿ ನನ್ನ, ಊರಿಗೆಲ್ಲ ಕೇಳೋ ಹಾಗೆ ಬೈಯಿ" ಎಂದು ಗೋಗರೆದೆ. ತುಟಿ ಸ್ವಲ್ಪ ತೆರೆಯಿತು, ನಿಜವಾಗಿಯೂ ತೆರೆಯಿತು. ಜೊಲ್ಲು ಇಳಿಯುತ್ತಿತ್ತು. ಒರೆಸೋಣವೆಂದು ಕೈ ಎತ್ತಿದೆ. ನನ್ನ ಕೈ ಕಂಡದ್ದೇ ತಡ, ಹಿಂದಕ್ಕೆ ಸರಿದು ಬಾಯಿ ಮುಚ್ಚಿಕೊಂಡ.

ಈಗ ಪ್ರತಿ ತುತ್ತಿಗೂ ಅದೇ. ಆ ಎಡಗೈಯನ್ನು ಮೆಲ್ಲಗೆ ಬಿಡಿಸುತ್ತೇನೆ, ತುತ್ತಿಡುತ್ತೇನೆ. ಅಗಿದು ನುಂಗುತ್ತಾನೆ, ಮತ್ತೆ ಮುಚ್ಚಿಕೊಳ್ಳುತ್ತಾನೆ.