ಮನೆಯವರ ಖಾನೆ

ಸುರಪುರದ ಬಜಾರಿನಲ್ಲಿರುವ ಹಂಪಣ್ಣನ ಬಟ್ಟೆ ಅಂಗಡಿಗೆ ಎರಡು ಬಾಗಿಲು. ರಸ್ತೆಗೆ ತೆರೆಯುವುದು ರೆಡಿಮೇಡ್ ಕಡೆಯದು, ಓಣಿಗೆ ತೆರೆಯುವುದು ಸೀರೆಯದು. ಸೀರೆಯ ಕಡೆ ಗಾದಿಯ ಮೇಲೆ ಕೂಡುವವಳು ಅವನ ಅಣ್ಣನ ಹೆಂಡತಿ ಚಂದಮ್ಮ. ಗಂಡ ತೀರಿದ ವರ್ಷ, ದೀಪಾವಳಿ ವ್ಯಾಪಾರ ಮುಗಿಯುವ ತನಕ ಕೈಜೋಡಿಸಲಿ ಎಂದು ಕರೆದಿದ್ದರು. ಆಮೇಲೆ ಅವಳು ಮರಳಿ ಮನೆಯಲ್ಲಿ ಕೂತದ್ದೇ ಇಲ್ಲ.

ಈ ವರ್ಷ ಹಂಪಣ್ಣನಿಗೆ ಎರಡೂ ಕಡೆಗಳ ನಡುವಿನ ಗೋಡೆ ತೆಗೆಯಬೇಕು ಅನಿಸಿತ್ತು.

"ವೈನಿ, ಈ ಕಡಿ ಮಂದಿ ಬರ್ತಾರ, ಸೀರಿ ಬಿಡಿಸ್ತಾರ, ಹೋಗ್ತಾರ. ಕೊಳ್ಳೋರು ಎಷ್ಟು ಮಂದಿ? ಎಲ್ಲಾ ರೆಡಿಮೇಡ್ ಮಾಡಿದ್ರ ಛಲೋ. ನೀವೂ ಎಷ್ಟಂತ ದಣೀತೀರಿ, ಮನ್ಯಾಗ ಆರಾಮ ಇರ್ರಿ."

ಆ ಆರಾಮ ಏನೆಂದು ಚಂದಮ್ಮನಿಗೆ ಗೊತ್ತಿತ್ತು. ಹಗಲಿಡೀ ಒಂದು ಕೋಣೆ, ಒಂದು ಮಂಚ, ಊಟಕ್ಕೆ ಕರೆಯುವ ಒಂದು ದನಿ. ಇಲ್ಲಿ ಹುಣಸಗಿ ಕಡೆಯಿಂದ ಬಂದವರೆಲ್ಲ ಚಪ್ಪಲಿ ಬಿಡುವಾಗಲೇ "ಚಂದಕ್ಕಾ" ಎಂದು ಕೂಗುತ್ತಿದ್ದರು. ಮದುವೆಯ ಹಂದರದಲ್ಲಿ ಅವಳನ್ನು ಯಾರೂ ಮುಂದೆ ಕರೆಯುತ್ತಿರಲಿಲ್ಲ. ಆದರೆ ಮದುಮಗಳ ಸೀರೆಯನ್ನು ಎಲ್ಲರಿಗಿಂತ ಮೊದಲು ಹೆಗಲಿಗೆ ಹಾಕಿಕೊಳ್ಳುವವಳು ಅವಳೇ. ಟ್ಯೂಬ್‌ಲೈಟಿನ ಕೆಳಗಿನ ಕೆಂಪನ್ನು ಇಲ್ಲಿಯ ಹೆಂಗಸರು ಖರೇ ಕೆಂಪೆಂದು ನಂಬುವುದಿಲ್ಲ. ಸೀರೆ ಬಿಸಿಲಿಗೆ ಬರಲೇಬೇಕು. ಅವಳು ಸೆರಗು ಹೊದ್ದು ಓಣಿಗೆ ಇಳಿಯುತ್ತಿದ್ದಳು, ಹಿಂದೆ ಇಡೀ ಗುಂಪು. ಅತ್ತ ತಿರುಗು, ಇತ್ತ ತಿರುಗು ಅನ್ನುತ್ತಿದ್ದರು. ಆ ಹೊತ್ತಿನಲ್ಲಿ ಅವಳಿಗೆ ತಾನು ವಿಧವೆ ಅನ್ನುವುದು ನೆನಪಿಗೆ ಬರುತ್ತಿರಲಿಲ್ಲ. ಅವರಿಗೂ ಬರುತ್ತಿರಲಿಲ್ಲ ಎಂದು ಅವಳಿಗನಿಸುತ್ತಿತ್ತು.

ಹಂಪಣ್ಣ ಕೆಟ್ಟವನಲ್ಲ. ಅಂದಾಜಿನ ಮೇಲೆ ಗೋಡೆ ಒಡೆಯುವುದು ಬೇಡವೆಂದು ಅಂಗಡಿಗಳಿಗೆ ಕ್ಯಾಮೆರಾ ಕೂಡಿಸುವ ಜಲಾಲುದ್ದೀನನನ್ನು ಯಾದಗಿರಿಯಿಂದ ಕರೆಸಿದ. ಒಳಗೆ ಬಂದವರನ್ನು ಎಣಿಸುವ ಎರಡು ಬಗೆಯ ಯಂತ್ರಗಳನ್ನು ಅವನು ಓಣಿಯ ಬಾಗಿಲಿಗೂ ರಸ್ತೆಯ ಬಾಗಿಲಿಗೂ ಕೂಡಿಸಿದ. ಒಂದು, ಚೌಕಟ್ಟಿನ ಎರಡೂ ಬದಿಗೆ ಗುಂಡಿಯಂಥದ್ದು. ನಡುವೆ ಕಣ್ಣಿಗೆ ಕಾಣದ ಕಿರಣ, ಅದು ಕಡಿದಾಗಲೊಮ್ಮೆ ಎಣಿಕೆ. ಇನ್ನೊಂದು, ಛತ್ತಿನಿಂದ ತಲೆಗಳನ್ನು ನೋಡುವ ಕ್ಯಾಮೆರಾ. "ವಾರ ಎರಡೂ ಇರ್ಲಿ ಸಾವ್ಕಾರ್ರ, ನಿಮಗ ಯಾವ್ದು ಪಸಂದ್ ಬರ್ತದ ಅದನ್ನ ಇಟ್ಕೊಳ್ರಿ" ಎಂದ.

ಮೊದಲೆರಡು ದಿನ ಹೆಂಗಸರು ಕ್ಯಾಮೆರಾ ಕಂಡು ತಲೆಯ ಮೇಲೆ ಸೆರಗು ಎಳೆದುಕೊಂಡರು. ಮೂರನೆಯ ದಿನ ಮರೆತರು. ಚಂದಮ್ಮ ಮಾತ್ರ ಮರೆಯಲಿಲ್ಲ. ಗಿರಾಕಿ ಬಂದಾಗಲೆಲ್ಲ, ಇವರು ಕೊಳ್ಳದೆ ಹೋದರೆ ಮೇಲಿರುವುದು ಅದನ್ನೂ ಬರೆದುಕೊಳ್ಳುತ್ತದೆ ಅನಿಸಿ ಮಾತು ತಡವರಿಸುತ್ತಿತ್ತು. ಹೊಲದ ಕೆಲಸ ಮುಗಿಸಿ ಸುಮ್ಮನೆ ತಂಪಿಗೆ ಕೂತು ಹೋಗಲು ಬರುತ್ತಿದ್ದ ಕರೆಮ್ಮನಿಗೆ ಒಂದು ದಿನ "ಇವತ್ತ ಬ್ಯಾಡವ್ವ" ಎಂದುಬಿಟ್ಟಳು. ಅವಳು ಹೋದ ಮೇಲೆ ಮಡಚಿದ ಸೀರೆಯನ್ನೇ ಮತ್ತೆ ಮಡಚುತ್ತ ಕೂತಳು.

ವಾರದ ಕೊನೆಗೆ ಜಲಾಲುದ್ದೀನ ಲ್ಯಾಪ್‌ಟಾಪ್ ತೆರೆದು ಗಾದಿಯ ಅಂಚಿಗೆ ಕೂತ. ಹಂಪಣ್ಣ ಪಕ್ಕದಲ್ಲಿ ನಿಂತ. ಚಂದಮ್ಮ ಎದ್ದು ಹೋಗಲಿಲ್ಲ.

"ಕಿರಣದ್ದು ನಿಮಗ ಬ್ಯಾಡ್ರಿ. ಇಬ್ರು ಹೆಗಲಿಗೆ ಹೆಗಲು ಹಚ್ಚಿ ಬಂದ್ರ ಒಂದ ಅಂತದ. ಬಾಗಲಾಗ ಸೀರಿ ಬಿಡಿಸಿ ಹಿಡಿದ್ರ, ಸೆರಗು ಹಾರಿದಷ್ಟೂ ಸಲ ಒಂದೊಂದು ಮನಷ್ಯಾ."

"ಸೀರಿನೂ ಗಿರಾಕಿ ಆತಲ್ಲಪಾ!" ಹಂಪಣ್ಣ ನಕ್ಕ. "ಕ್ಯಾಮೆರಾ ಏನಂತದ?"

"ಅದು ತಲಿ ಎಣಸ್ತದ. ಒಳಗ ಬಂದೋರು ಬ್ಯಾರೆ, ಹೊರಗ ಹೋದೋರು ಬ್ಯಾರೆ, ಮಕ್ಕಳು ಬ್ಯಾರೆ. ಅದನ್ನ ಬಿಲ್ಲಿಗೆ ಹಚ್ಚಿ ನೋಡಿದ್ರನೂ ಈ ಕಡಿ ಬಂದೋರು ಭಾಳ, ಕೊಂಡೋರು ಕಮ್ಮಿ."

ಚಂದಮ್ಮನ ಕೈ ಗಾದಿಯ ಹೊಲಿಗೆಯ ಮೇಲೆ ನಿಂತಿತು. ಹಂಪಣ್ಣ ಅವಳ ಕಡೆ ನೋಡದೆ, "ನಾ ಅಂದಿದ್ದ ಖರೇ ಆತು" ಎಂದ.

"ಒಂದ ನಿಮಿಷ ನಿಂದರ್ರಿ." ಜಲಾಲುದ್ದೀನ ವಿಡಿಯೊ ಓಡಿಸುತ್ತಿದ್ದ. ಒಬ್ಬಳೇ ಹೆಂಗಸು ಮತ್ತೆ ಮತ್ತೆ ಒಳಗೆ ಬರುತ್ತಿದ್ದಳು, ಒಮ್ಮೆ ಹಸಿರು ಸೆರಗು, ಒಮ್ಮೆ ನೇರಳೆ, ಒಮ್ಮೆ ಜರಿಯ ಕೆಂಪು. "ಇವರು ಯಾರ್ರಿ? ದಿನಾ ಬರ್ತಾರ, ಏನೂ ಕೊಳ್ಳಂಗಿಲ್ಲ." ಆಮೇಲೆ ತಲೆಯೆತ್ತಿ ಎದುರಿಗಿದ್ದವಳನ್ನು ನೋಡಿ ನಾಲಿಗೆ ಕಚ್ಚಿಕೊಂಡ. "ಅಮ್ಮಾರ, ನೀವ! ಸಾವ್ಕಾರ್ರ, ಕೆಲಸದೋರಿಗೆಲ್ಲಾ ಕೊರಳಪಟ್ಟಿ ಕೊಟ್ಟಿದ್ನಲ್ಲ, ಅದನ್ನ ಹಾಕ್ಕೊಂಡೋರನ್ನ ಕ್ಯಾಮೆರಾ ಬಿಡ್ತದ. ಇವರಿಗ್ಯಾಕ ಕೊಟ್ಟಿಲ್ಲ?"

"ಏ, ಅವರು ಕೆಲಸದೋರಲ್ಲೋ. ನಮ್ಮ ವೈನಿ. ಮನಿಯವರು."

"ಇದರಾಗ ಎರಡ ಖಾನೆ ಅದಾವ್ರಿ. ಗಿರಾಕಿ, ಇಲ್ಲಾ ಕೆಲಸದೋರು. ಮನಿಯವರು ಅನ್ನೂ ಖಾನೆ ಇಲ್ಲ."

ಮನೆಯವರು. ಆ ಮಾತನ್ನು ಚಂದಮ್ಮ ಇಷ್ಟು ವರ್ಷ ಮರ್ಯಾದೆ ಎಂದೇ ತಿಳಿದಿದ್ದಳು. ಅವಳ ಜೊತೆ ಸೀರೆ ಮಡಚುವ ಹನುಮಮ್ಮನಿಗೆ ಸೋಮವಾರ ಸೂಟಿ ಇತ್ತು, ಮನೆಯವರಿಗೆ ಇರಲಿಲ್ಲ. ಹನುಮಮ್ಮನನ್ನು ಬಿಡಿಸಬೇಕಾದರೆ ಬಾಯಿ ಬಿಟ್ಟು ಹೇಳಬೇಕು, ಒಂದು ಕಾರಣವನ್ನಾದರೂ ಕೊಡಬೇಕು. ಮನೆಯವರಿಗೆ ಆರಾಮ ಇರ್ರಿ ಅಂದರೆ ಸಾಕು.

"ನನಗೂ ಒಂದು ಪಟ್ಟಿ ಕೊಡಪಾ ಜಲಾಲುದ್ದೀನ" ಎಂದಳು.

ಹಂಪಣ್ಣನ ಮುಖ ಕಪ್ಪಿಟ್ಟಿತು. "ವೈನಿ, ಮಂದಿ ಏನಂತಾರ? ಅಣ್ಣನ ಹೆಂಡ್ತೀನ ದುಡಿಯಾಕ ಇಟ್ಕೊಂಡಾನ ಅನ್ನಂಗಿಲ್ಲೇನು?"

"ದುಡಿಯಾಕತ್ತೇನಿ ಅಲ್ಲೇನು ಮತ್ತ?"

ದನಿ ಏರಿರಲಿಲ್ಲ. ಹಂಪಣ್ಣ ಛತ್ತಿನ ಕಡೆ ನೋಡಿದ, ಅಲ್ಲಿ ಕ್ಯಾಮೆರಾ ಇತ್ತು. ಜಲಾಲುದ್ದೀನ ಅಷ್ಟರಲ್ಲಿ ಅವಳ ಓಡಾಟವನ್ನೆಲ್ಲ, ಅವಳ ಹಿಂದೆ ಬಿಸಿಲಿಗೆ ಹೋಗಿ ಬಂದ ಗುಂಪನ್ನೂ ಸೇರಿಸಿ, ಎಣಿಕೆಯಿಂದ ತೆಗೆದಿದ್ದ. "ಈಗ ನೋಡ್ರಿ ಸಾವ್ಕಾರ್ರ, ಕೊಳ್ಳದ ಹೋದೋರು ಅಷ್ಟೇನೂ ಇಲ್ಲ. ರೆಡಿಮೇಡಿಗೂ ಇದಕೂ ಭಾಳ ಫರಕ್ ಇಲ್ಲ."

ಹಂಪಣ್ಣ ಬಗ್ಗಿ ಪರದೆ ನೋಡಿದ. "ನಡುವಿನ ಗ್ವಾಡಿ ಇರ್ಲಿ ಬಿಡು" ಎಂದ. ಪಟ್ಟಿಯ ಮಾತು ಎತ್ತದೆ ರಸ್ತೆಯ ಕಡೆಯ ಬಾಗಿಲಿಗೆ ಹೋದ. ಬೇಡ ಅನ್ನಲೂ ಇಲ್ಲ.

ಜಲಾಲುದ್ದೀನ ಕೊಟ್ಟ ಪಟ್ಟಿಯನ್ನು ಚಂದಮ್ಮ ಕೊರಳಿಗೆ ಹಾಕಿಕೊಂಡಳು. ತಾಳಿ ತೆಗೆದ ಮೇಲೆ ಅಲ್ಲಿ ಏನೂ ಇರಲಿಲ್ಲ. ಚರ್ಮಕ್ಕೆ ಅದು ಹೊಸದಾಗಿ ಚುಚ್ಚಿತು.

ಮಧ್ಯಾಹ್ನ ಹುಣಸಗಿಯ ಟಂಟಂ ಗಾಡಿ ಬಂತು. ಬಾಲಮ್ಮ ಮಗಳ ಮದುವೆಯ ಸೀರೆಗೆಂದು ಬೀಗರನ್ನೆಲ್ಲ ಕಟ್ಟಿಕೊಂಡು ಬಂದಿದ್ದಳು. ಗಾದಿಗೆ ಕೂಡುವ ಮೊದಲೇ ಅವಳ ಕಣ್ಣು ಪಟ್ಟಿಗೆ ಬಿತ್ತು.

"ಏನವ್ವಾ ಚಂದಕ್ಕ, ನೌಕರಿ ಹಿಡದಿ?"

"ಹೂಂನವ್ವ. ಇನ್ನ ಮುಂದ ಸೋಮವಾರ ಬಂದ್ರ ನಾ ಸಿಗಂಗಿಲ್ಲ, ನೋಡ್ಕೋ" ಎಂದಳು ಚಂದಮ್ಮ, ರಸ್ತೆಯ ಬಾಗಿಲಿಗೆ ಕೇಳುವ ಹಾಗೆ. "ಹಾದ್ಯಾಗ ಕರೆಮ್ಮ ಕಂಡ್ರ ಬಾ ಅಂತ ಹೇಳು."

ಆಮೇಲೆ ಕೆಂಪು ಸೀರೆ ಹೆಗಲಿಗೇರಿಸಿ ಬಿಸಿಲಿಗೆ ಇಳಿದಳು.