ಮೆತ್ತನೆ ಕಾಲು

"ಮೂರು ಬಿತ್ತು! ಅಪ್ಪೋ, ನೋಡು, ನಾಕೂ ಬಿತ್ತು!"

ಚೈತ್ರಾ ಕೂಗಿದ್ದು ಅಡುಗೆಮನೆಯಲ್ಲಿದ್ದ ಅವಳ ತಾಯಿ ಮಾರಮ್ಮನಿಗೂ ಕೇಳಿಸಿತು. ಪಡಸಾಲೆಯ ಮೇಜಿನ ಮೇಲೆ, ಹಲಗೆಯೊಂದಕ್ಕೆ ಸಾಲಾಗಿ ಕೂರಿಸಿದ್ದ ಪುಟ್ಟ ಬಲ್ಬುಗಳಲ್ಲಿ ನಾಲ್ಕನೆಯದು ಹೊತ್ತಿಕೊಂಡಿತ್ತು. ಒಂದೊಂದು ಬಲ್ಬು ಒಂದೊಂದು ಗೇರು. ನಾಬ್ ತಿರುಗಿಸಿದರೆ ಕಾರಿನ ವೇಗ ಹೆಚ್ಚಿದಂತೆ ಲೆಕ್ಕ. ಕಾರು ಮಾತ್ರ ಹೊರಗೆ ಹುಣಸೆಮರದ ಕೆಳಗೆ ಅಲುಗದೆ ನಿಂತಿತ್ತು.

ಅದು ಹಳೆಯ ಆಟೋಮ್ಯಾಟಿಕ್ ಕಾರು. ತಾನಾಗಿಯೇ ಗೇರು ಬದಲಿಸುವ ಅದರ ಕಂಪ್ಯೂಟರ್ ಸುಟ್ಟುಹೋಗಿ, ಕಾರು ಚನ್ನಪಟ್ಟಣದ ಗುಜರಿ ಇದ್ರೀಸನ ಅಂಗಡಿ ಸೇರಿತ್ತು; ಚೈತ್ರಾ ಅಲ್ಲಿಂದ ಅಗ್ಗಕ್ಕೆ ಕೊಂಡು ತಂದಿದ್ದಳು. ಹೊಸ ಕಂಪ್ಯೂಟರ್ ಎಲ್ಲೂ ಸಿಗಲಿಲ್ಲ. ಸಿಗದಿದ್ದರೆ ಕತ್ತೆ ಬಾಲ, ನಾನೇ ಮಾಡ್ತೀನಿ ಎಂದು ಚೈತ್ರಾ ಕೂತುಬಿಟ್ಟಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರಗಳನ್ನು ರಿಪೇರಿ ಮಾಡುವ ಹುಡುಗಿ. ಎಂಟು ತಿಂಗಳ ಭಾನುವಾರಗಳೆಲ್ಲ ಈ ಟಿಫನ್ ಡಬ್ಬಿಯಷ್ಟಗಲದ ಪೆಟ್ಟಿಗೆಗೆ ಹೋಗಿದ್ದವು.

ಎಲ್ಲವೂ ಅಪ್ಪನಿಗಾಗಿ. ಚಲುವಯ್ಯ ಇಪ್ಪತ್ತಾರು ವರ್ಷ ಹೊಂಗನೂರಿನಿಂದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸಿದವನು. ಗಾಡಿ ಎತ್ತಿಹಾಕಿದರೆ ಅಡಿಯಲ್ಲಿರುವ ಗೂಡು ನಲುಗುತ್ತದೆ, ಒಳಗಿನ ಹುಳು ಒಡೆದು ಕಲೆಯಾಗುತ್ತದೆ. ಅದಕ್ಕೇ ಜನ ಎರಡು ದಿನ ಕಾದಾದರೂ ಅವನ ಗಾಡಿಗೇ ಹಾಕುತ್ತಿದ್ದರು. "ಚಲುವಯ್ಯಂದು ಮೆತ್ತನೆ ಕಾಲು" ಎನ್ನುತ್ತಿದ್ದರು. ಎರಡು ವರ್ಷದ ಕೆಳಗೆ ಸಕ್ಕರೆ ಕಾಯಿಲೆ ಅವನ ಎಡಗಾಲನ್ನು ಮೊಣಕಾಲಿನ ಕೆಳಗೆ ತಿಂದುಹಾಕಿತು. ಕ್ಲಚ್ ತುಳಿಯಲು ಕಾಲಿಲ್ಲದ ಮೇಲೆ ಗಾಡಿ ಮಾರಿದ್ದಾಯಿತು.

ಸುಮ್ಮನೆ ಕೂರುವ ಜೀವವೇ ಅದು? ಆಟೋ ಹತ್ತಿದರೆ ಕೆಂಗಲ್ ಮುಟ್ಟುವವರೆಗೂ ಡ್ರೈವರನಿಗೆ ಪಾಠ. "ಚಲುವಯ್ಯಣ್ಣನ್ನ ಹತ್ತಿಸ್ಕಂಡ್ರೆ ತಲೆ ಚಿಟ್ಟಿಡೀತದೆ" ಎಂದು ಆಟೋದವರು ಕಂಡೂ ಕಾಣದಂತೆ ಹೋಗತೊಡಗಿದರು. ಆಮೇಲಾಮೇಲೆ ಪಾಠವೂ ನಿಂತು, ಅವನು ಗೋಡೆ ನೋಡುತ್ತ ಕೂರುವುದನ್ನು ಕಲಿತ. ಮಗಳಿಗೆ ತಡೆಯಲಾಗದ್ದು ಅದೇ. ಆಟೋಮ್ಯಾಟಿಕ್ಕಿಗೆ ಕ್ಲಚ್ ಇಲ್ಲ, ಬಲಗಾಲೊಂದಿದ್ದರೆ ಸಾಕು ಎಂದು ಅವಳು ಹೇಳಿದ ದಿನ ಅವನು ಎರಡು ಸಲ ಊಟ ಕೇಳಿ ಹಾಕಿಸಿಕೊಂಡಿದ್ದ.

ಈಗ ಉಳಿದಿದ್ದು ಆಕ್ಸಿಲರೇಟರಿನ ಪರೀಕ್ಷೆ. ಕಾರಿನ ಪೆಡಲನ್ನೇ ಬಿಚ್ಚಿ ತಂದು ಮೇಜಿನಡಿ ಹಲಗೆಗೆ ಜಡಿದಿದ್ದಳು. ಎಷ್ಟು ತುಳಿದರು ಎಂಬುದು ಸೊನ್ನೆಯಿಂದ ನೂರರವರೆಗೆ ಪೆಟ್ಟಿಗೆಯ ಮೇಲೆ ಕಾಣುತ್ತಿತ್ತು. ಮೆತ್ತಗೆ ತುಳಿದರೆ ಗೇರು ಬೇಗ ಮೇಲೇರಬೇಕು, ಒತ್ತಿ ತುಳಿದರೆ ತಡವಾಗಿ.

"ಒಸಿ ಮೆತ್ತಗೆ ತುಳಿ ಅಪ್ಪ, ಗೂಡು ತುಂಬ್ಕಂಡು ಹೋದಂಗೆ."

"ನಂಗೇ ಹೇಳ್ಕೊಡಾಕೆ ಬಂದ್ಬುಟ್ಲು ನೋಡು," ಎಂದು ನಗುತ್ತ ಚಲುವಯ್ಯ ಕಾಲಿಟ್ಟ.

ಅಂಕಿ ಎಂಬತ್ತೆಂಟಕ್ಕೆ ನೆಗೆಯಿತು. ಚೈತ್ರಾ ನಾಬ್ ತಿರುಗಿಸಿದರೂ ಮೊದಲನೇ ಬಲ್ಬೇ ಉರಿಯುತ್ತಿತ್ತು.

"ಅಷ್ಟೊಂದು ಬ್ಯಾಡ ಅಪ್ಪ."

"ಈಗಿನ್ನೂ ಕಾಲು ಮಡಗಿವ್ನಿ ಕಣವ್ವ."

ಪೆಡಲಿನ ಸೆನ್ಸರ್ ಕೈಕೊಟ್ಟಿರಬೇಕು ಎಂದುಕೊಂಡಳು. ಬೇರೆಯದನ್ನು ಹಾಕಿ, ವೈರಿಗೆ ಹೊಸದಾಗಿ ಬೆಸುಗೆ ಹಚ್ಚಿ, ತಾನೇ ತುಳಿದು ನೋಡಿದಳು. ಹತ್ತು, ಇಪ್ಪತ್ತು, ಮೂವತ್ತು. ಬಲ್ಬುಗಳು ಹೇಳಿದ ಮಾತು ಕೇಳಿದವು. ಅಪ್ಪ ತುಳಿದರೆ ತೊಂಬತ್ತು. "ಕಾಲು ತೆಗಿ" ಎಂದರೆ, "ತೆಗ್ದಿವ್ನಲ್ಲ" ಎನ್ನುತ್ತಾನೆ. ಅಂಕಿ ನಲವತ್ತರಲ್ಲೇ ನಿಂತಿದೆ.

ಇನ್ನೊಮ್ಮೆ ತುಳಿಯಲು ಹೇಳಿ ಅವಳು ಮೇಜಿನಡಿ ಬಗ್ಗಿದಳು. ಪೆಡಲು ಪೂರ್ತಿ ನೆಲಕಚ್ಚಿತ್ತು. ಕೆಳಗಿನ ಹಲಗೆ ಬಾಗುವಷ್ಟು ಜೋರಾಗಿ ಅವನ ಪಾದ ಒತ್ತುತ್ತಿತ್ತು. ತಲೆಯೆತ್ತಿ ನೋಡಿದರೆ, ಚಲುವಯ್ಯನ ಮುಖದಲ್ಲಿ ಗೂಡಿನ ಗಾಡಿಯನ್ನು ಹಳ್ಳ ದಾಟಿಸುವ ನಾಜೂಕು.

ಅವಳಿಗೆ ಈ ಪೆಟ್ಟಿಗೆಯನ್ನು ಯಾಕಾದರೂ ಮಾಡಿದೆನೋ ಅನ್ನಿಸಿತು.

"ಬಾಕ್ಸೇ ಸರಿ ಇಲ್ಲ ಅಪ್ಪ," ಎಂದಳು ಎದ್ದು. "ಪ್ರೋಗ್ರಾಂ ತಪ್ಪೈತೆ. ಮತ್ತೆ ಬರೀಬೇಕು."

"ನೀ ತುಳುದ್ರೆ ಸರ್ಯಾಗ್ ಬತ್ತದೆ."

"ಅದು... ಒಂದೊಂದ್ ಸಲ ಹಂಗಾಯ್ತದೆ."

ಮಾರಮ್ಮ ಕಾಫಿ ಲೋಟ ತಂದಿಟ್ಟು, "ಆಯ್ತಾ? ಶನಿವಾರ ಕೆಂಗಲ್ ಗುಡಿಗೆ ಕಾರಲ್ಲೇ ಹೋಗಾದು ತಾನೆ? ಚಕ್ರಕ್ಕೆ ನಿಂಬೆಹಣ್ಣು ತರ್ಸ್ಬೇಕು," ಎಂದಳು. ಒಬ್ಬೊಬ್ಬರ ಮುಖ ನೋಡಿ, ಏನೋ ವೈರಿನ ಜಗಳವಿರಬೇಕೆಂದು ಒಳಗೆ ಹೋದಳು.

ಚಲುವಯ್ಯ ಮೇಜಿನ ಅಂಚು ಹಿಡಿದು ಬಗ್ಗಿ, ಇನ್ನೂ ಪೆಡಲನ್ನು ನೆಲಕ್ಕೊತ್ತಿದ್ದ ತನ್ನ ಕಾಲನ್ನು ನೋಡಿದ. ಬಹಳ ಹೊತ್ತು ನೋಡಿದ.

"ಅದ್ಯಾವಾಗ ತುಳುದ್ನವ್ವ ನಾನು ಅಷ್ಟೊಂದ?" ಎಂದ.

ಅವಳು ಕಣ್ಣೊರೆಸಿಕೊಂಡು ಸ್ವಿಚ್ಚು ಆರಿಸಿದಳು.

"ಅಳ್ಬ್ಯಾಡ. ಈ ಕಡೆ ಬಾ. ಆ ಕಾಲು ತೆಗ್ಯಾಕೆ ಮುಂಚೆ ಆಸ್ಪತ್ರೇಲಿ ಡಾಕ್ಟ್ರು ನೋಡೋರಲ್ಲ, ಹಂಗ್ ನೋಡುವ. ನಾ ಕಣ್ಮುಚ್ಕತ್ತೀನಿ. ನೀ ಬೆರ್ಳು ಮುಟ್ಟು, ಯಾವ್ ಬೆರ್ಳು ಅಂತ ನಾ ಹೇಳ್ತೀನಿ. ಒಂದಾದ್ರೂ ಗೊತ್ತಾಯ್ತದೆ, ಆಗ್ದೆ ಏನು?"

ಚೈತ್ರಾ ನೆಲದಲ್ಲಿ ಮಂಡಿಯೂರಿದಳು. ಮೊದಲು ಕಿರುಬೆರಳು ಮುಟ್ಟಿದಳು. ಆಮೇಲೆ ಹೆಬ್ಬೆರಳನ್ನು ಉಗುರು ಊರುವಂತೆ ಚಿವುಟಿದಳು. ಆಮೇಲೆ ಎರಡೂ ಕೈಯಿಂದ ಇಡೀ ಪಾದವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅದು ತಣ್ಣಗಿತ್ತು. ಮೇಲೆ ಚಲುವಯ್ಯ ಕಣ್ಣು ಬಿಗಿಯಾಗಿ ಮುಚ್ಚಿ, ಉಸಿರು ಹಿಡಿದು ಕಾಯುತ್ತಿದ್ದ.

"ಹೂಂ, ಮುಟ್ಟವ್ವ," ಎಂದ. "ಯಾಕೆ ಸುಮ್ಕೆ ಕುಂತ್ಬುಟ್ಟೆ?"